ಲೊಕೇಶನ್ ಆಫ್ ಮಾಡಿದ್ದೆ, ಆದರೂ ಅಣ್ಣನಿಗೆ ಹೇಗೆ ಗೊತ್ತಾಯಿತು?

ಪ್ರಶ್ನೆ: ನನ್ನದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ, ವಿನೋಬನಗರದ ಪಿಜಿಯಲ್ಲಿ ಇದ್ದೇನೆ. ಈ ಮಳೆಗಾಲದಲ್ಲಿ ಒಂದು ಭಾನುವಾರ ಗೆಳತಿಯರ ಜೊತೆ ಜೋಗಕ್ಕೆ ಹೋಗಿದ್ದೆ. ಕೇಳಿದರೆ ಬೇಡ ಅಂತಾರೆ ಎಂದು ಮನೆಯಲ್ಲಿ ಹೇಳಿರಲಿಲ್ಲ. ಫೋನಿನ ಲೊಕೇಶನ್ ಆಫ್ ಮಾಡಿಕೊಂಡೇ ಹೊರಟಿದ್ದೆ. ರಾತ್ರಿ ಅಣ್ಣ ಫೋನ್ ಮಾಡಿ “ಏನೇ, ಜೋಗದಲ್ಲಿ ನೀರು ಜೋರಿತ್ತಾ?” ಅಂದ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ನಗುತ್ತಾನೆ. ಫೋನ್ ಕೊಡಿಸಿದ್ದು ಅವನೇ, ಅಂಗಡಿಯಲ್ಲಿ ಎಲ್ಲ ಸೆಟ್ ಮಾಡಿಕೊಟ್ಟಿದ್ದೂ ಅವನೇ. ಈಚೆಗೆ ಜೋಗದ ಹೋಂಸ್ಟೇ ಜಾಹೀರಾತು ಬೇರೆ ಬರುತ್ತಿದೆ. ಒಂದೆರಡು ಸಲ ‘ಈ ಫೋನ್ ಎಲ್ಲಿದೆ ಎಂದು ಪತ್ತೆ ಮಾಡಲಾಗಿದೆ’ ಅನ್ನುವಂಥ ನೋಟಿಫಿಕೇಶನ್ ಬಂದಿತ್ತು, ಕಂಪನಿಯದ್ದು ಎಂದು ಸರಿಸಿ ಹಾಕಿದೆ. ಅಪ್ಪಯ್ಯ “ಸ್ಯಾಟಲೈಟ್‌ನಲ್ಲಿ ಎಲ್ಲಾ ಕಾಣುತ್ತೆ” ಅಂತಾರೆ. ಮೊಬೈಲ್ ಅಂಗಡಿಯವನು *#21# ಒತ್ತಿ ನೋಡಿ ಅಂದ. ಗೆಳತಿ “ಕೀಪ್ಯಾಡ್ ಫೋನ್ ತಗೊ” ಅಂತಾಳೆ. ಅಣ್ಣ ಕೆಟ್ಟವನಲ್ಲ. ಆದರೆ ಇದು ಸರಿ ಅನ್ನಿಸುತ್ತಿಲ್ಲ. ನಿಜವಾಗಿ ಯಾರಿಗೆ ಏನು ಕಾಣುತ್ತದೆ? ನಾನು ಏನು ಮಾಡಬಹುದು? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಸುಳಿವು ಸ್ಯಾಟಲೈಟ್ ಅಲ್ಲ, “ಅಂಗಡಿಯಲ್ಲಿ ಸೆಟ್ ಮಾಡಿಕೊಟ್ಟಿದ್ದೂ ಅವನೇ” ಅನ್ನುವ ಮಾತು. ನಾನು ಹಲವು ವರ್ಷ ಮೊಬೈಲ್ ಟವರ್‌ಗಳ ಕೆಲಸದಲ್ಲಿದ್ದವನು. ಈಗ ಶಿವಮೊಗ್ಗ ಸುತ್ತಮುತ್ತ ಫೋನ್ ಸುರಕ್ಷತೆಯ ತರಬೇತಿ ಕೊಡುತ್ತೇನೆ. ಇಂಥ ಪ್ರಶ್ನೆ ತಂದವರ ಫೋನ್ ತೆಗೆದು ನೋಡಿದರೆ ಹೆಚ್ಚಿನ ಸಲ ಸಿಗುವುದು ದೊಡ್ಡ ಹ್ಯಾಕಿಂಗ್ ಅಲ್ಲ. ಒಳಗೆ ಇನ್ನೊಬ್ಬರ ಜಿಮೇಲ್ ಇರುತ್ತದೆ, ಅಷ್ಟೇ.

ಸೆಟ್ಟಿಂಗ್ಸ್‌ಗೆ ಹೋಗಿ, ಗೂಗಲ್ ಎಂದಿರುವುದನ್ನು ಒತ್ತಿ. ಮೇಲೆ ಯಾರ ಇಮೇಲ್ ಕಾಣುತ್ತದೆ? ಅದು ಅಣ್ಣನದಾದರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ನಿಮ್ಮದೇ ಹೆಸರಿನ ಇಮೇಲ್ ಆಗಿದ್ದು, ಪಾಸ್‌ವರ್ಡ್ ಇಟ್ಟವನು ಅವನಾಗಿದ್ದರೂ ಕಥೆ ಅದೇ. ನಮ್ಮ ಕಡೆ ಅಂಗಡಿಯವರು ಗಿರಾಕಿಗೆ ತಾವೇ ಒಂದು ಜಿಮೇಲ್ ಮಾಡಿ, ಹೆಸರಿನ ಮುಂದೆ 123 ಸೇರಿಸಿ ಪಾಸ್‌ವರ್ಡ್ ಹಾಕಿಕೊಡುವ ರೂಢಿಯೂ ಉಂಟು. ಗಿರಾಕಿಗೆ ಅದು ಏನೆಂದೇ ಗೊತ್ತಿರುವುದಿಲ್ಲ.

ಈಗ ಜೋಗದ ವಿಷಯ. ಲೊಕೇಶನ್ ಆಫ್ ಇತ್ತು ಅಂದಿರಿ, ಸರಿ. ಆದರೆ ಅಲ್ಲಿ ಫೋಟೋ ತೆಗೆದಿರುತ್ತೀರಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದರೆ, ಪಿಜಿಗೆ ಬಂದು ವೈಫೈ ಸಿಕ್ಕ ಕೂಡಲೇ ಆ ಫೋಟೋಗಳೆಲ್ಲ ಆ ಜಿಮೇಲ್‌ಗೆ ಹೋಗುತ್ತವೆ. ಅದೇ ಜಿಮೇಲ್ ಅಣ್ಣನ ಫೋನಿನಲ್ಲೂ ಇದ್ದರೆ ಅವನ ಗ್ಯಾಲರಿಯಲ್ಲಿ ನಿಮ್ಮ ಫೋಟೋ ಬಂದು ಕೂರುತ್ತದೆ. ಅವನು ಹುಡುಕಬೇಕೆಂದೂ ಇಲ್ಲ. ಲೊಕೇಶನ್ ಆಫ್ ಇದ್ದರೆ ಫೋಟೋದೊಳಗೆ ಜಿಪಿಎಸ್ ಗುರುತು ಸೇರುವುದಿಲ್ಲ, ಅದು ನಿಜ. ಆದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಹಿಂದೆ ಸುರಿಯುತ್ತಿರುವ ಫೋಟೋಗೆ ಜಿಪಿಎಸ್ ಬೇರೆ ಬೇಕಾ?

ಇದು ಒಂದು ಸಾಧ್ಯತೆ. ಇನ್ನೊಂದು, ನಿಮ್ಮ ಗೆಳತಿಯ ವಾಟ್ಸ್‌ಆ್ಯಪ್ ಸ್ಟೇಟಸ್. ಮತ್ತೊಂದು, ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡ ಯಾರೋ ನೆಂಟರು. ಮಲೆನಾಡಿನಲ್ಲಿ ಈ ಮೂರನೆಯದು ಎಲ್ಲಾ ತಂತ್ರಜ್ಞಾನಕ್ಕಿಂತ ಹಳೆಯದು, ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಆದರೆ ನೀವು ಸರಿಸಿ ಹಾಕಿದ ಆ ನೋಟಿಫಿಕೇಶನ್‌ಗೆ ನೆಂಟರು ಕಾರಣರಲ್ಲ. ಆಂಡ್ರಾಯ್ಡ್‌ನಲ್ಲಿ ಕಳೆದ ಫೋನ್ ಹುಡುಕುವ ಸೌಲಭ್ಯವಿದೆ. ಮೊದಲು ‘ಫೈಂಡ್ ಮೈ ಡಿವೈಸ್’ ಅನ್ನುತ್ತಿದ್ದರು, 2025ರಿಂದ ‘ಫೈಂಡ್ ಹಬ್’. ಫೋನಿನಲ್ಲಿರುವ ಗೂಗಲ್ ಖಾತೆಗೆ ಬೇರೆ ಕಡೆಯಿಂದ ಲಾಗಿನ್ ಆದವರು ಅದು ಎಲ್ಲಿದೆ ಎಂದು ನೋಡಬಹುದು. ಹಾಗೆ ನೋಡಿದಾಗ ಫೋನಿಗೆ ಒಂದು ಸೂಚನೆ ಬರುತ್ತದೆ. ನೀವೇ ಹುಡುಕಿರದಿದ್ದರೆ ಬೇರೆ ಯಾರೋ ಹುಡುಕಿದ್ದಾರೆ. ಆ ದಿನ ಜೋಗದಲ್ಲಿ ಲೊಕೇಶನ್ ಆಫ್ ಇದ್ದದ್ದರಿಂದ ಇದರಲ್ಲಿ ಹೊಸದು ಸಿಕ್ಕಿರಲಾರದು. ಉಳಿದ ದಿನಗಳಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ನೀವು ಕೇಳಿದ್ದು ಲೊಕೇಶನ್ ಬಗ್ಗೆ. ಖಾತೆ ಬೇರೆಯವರ ಕೈಯಲ್ಲಿದ್ದರೆ ಲೊಕೇಶನ್ ಅದರಲ್ಲಿ ಸಣ್ಣ ಭಾಗ. ಸೇವ್ ಮಾಡಿದ ನಂಬರ್‌ಗಳು, ಕ್ರೋಮ್‌ನಲ್ಲಿ ಹುಡುಕಿದ್ದು, ‘ಪಾಸ್‌ವರ್ಡ್ ಸೇವ್ ಮಾಡಲಾ’ ಎಂದಾಗ ಹೂಂ ಅಂದ ಇನ್‌ಸ್ಟಾಗ್ರಾಂ ಪಾಸ್‌ವರ್ಡ್, ಎಲ್ಲವೂ ಅಲ್ಲೇ ಇರಬಹುದು. ಹೆದರಿಸಲು ಹೇಳುತ್ತಿಲ್ಲ. ಲೊಕೇಶನ್ ಬಟನ್ ಒಂದನ್ನೇ ಒತ್ತಿ ಆರಿಸಿದರೆ ಸಾಲದು ಎಂದು ತಿಳಿಯಲಿ ಅಂತ.

ಈಗ ಅಪ್ಪಯ್ಯನ ಸ್ಯಾಟಲೈಟ್. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸಮಯ ಮತ್ತು ತಮ್ಮ ಜಾಗವನ್ನು ಸಾರುತ್ತಿರುತ್ತವೆ. ಕಡೇಪಕ್ಷ ನಾಲ್ಕು ಉಪಗ್ರಹಗಳ ಸಿಗ್ನಲ್ ಸಿಕ್ಕರೆ ಫೋನ್ ತಾನೇ ಲೆಕ್ಕ ಹಾಕಿ ನಾನು ಇಲ್ಲಿದ್ದೇನೆ ಎಂದು ಕಂಡುಕೊಳ್ಳುತ್ತದೆ. ಫೋನಿನಿಂದ ಮೇಲಕ್ಕೆ ಏನೂ ಹೋಗುವುದಿಲ್ಲ. ನೀವು ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದರೆ ನಿಮ್ಮ ಮನೆ ಎಲ್ಲಿದೆ ಎಂದು ಭದ್ರಾವತಿಯವರಿಗೆ ಗೊತ್ತಾಗುವುದಿಲ್ಲ, ಅಲ್ವಾ? ಹಾಗೇ ಇದು. ಜಿಪಿಎಸ್‌ಗೆ ಸಿಮ್ ಬೇಡ, ನೆಟ್ ಬೇಡ. ನೆಟ್ ಇಲ್ಲದ ಕಾಡಿನಲ್ಲಿ ಸ್ವಲ್ಪ ತಡವಾಗುತ್ತದೆ, ದಟ್ಟ ಮರದ ಕೆಳಗೆ ಸ್ವಲ್ಪ ಆಚೀಚೆ ತೋರಿಸುತ್ತದೆ, ಅಷ್ಟೇ. ಹಾಗಾಗಿ ಕೊಡಚಾದ್ರಿಗೆ ಹೋಗುವಾಗ ಯಾರೋ ನೋಡುತ್ತಾರೆ ಎಂದು ಅದನ್ನು ಆಫ್ ಮಾಡಬೇಡಿ. ದಾರಿ ತಪ್ಪಿದರೆ ಕೈಗೆ ಬರುವುದು ಅದೇ. ತೊಂದರೆ ಶುರುವಾಗುವುದು ಫೋನ್ ಕಂಡುಕೊಂಡ ಜಾಗವನ್ನು ಯಾವುದೋ ಆ್ಯಪ್ ಓದಿ ನೆಟ್‌ನಲ್ಲಿ ಬೇರೆ ಕಡೆ ಕಳಿಸಿದಾಗ.

ಟವರ್ ಬೇರೆ ವಿಷಯ. ಕಾಲ್ ಬಂದರೆ ನಿಮಗೆ ಮುಟ್ಟಿಸಬೇಕಲ್ಲ, ಅದಕ್ಕೆ ನೀವು ಯಾವ ಟವರಿನ ಸುತ್ತ ಇದ್ದೀರಿ ಎಂಬುದು ಕಂಪನಿಗೆ ಗೊತ್ತಿರಲೇಬೇಕು. ಲೊಕೇಶನ್ ಆಫ್ ಮಾಡಿದರೂ ಇದು ನಿಲ್ಲುವುದಿಲ್ಲ. ಏರೋಪ್ಲೇನ್ ಮೋಡ್ ಹಾಕಿದರೆ ನಿಲ್ಲುತ್ತದೆ, ಆಗ ಫೋನೂ ಬರುವುದಿಲ್ಲ. ಎಷ್ಟು ಕರಾರುವಾಕ್ಕಾಗಿ ಗೊತ್ತಾಗುತ್ತದೆ? ಸಾಮಾನ್ಯವಾಗಿ ಒಂದು ಟವರಿನಲ್ಲಿ ಮೂರು ದಿಕ್ಕಿಗೆ ಆಂಟೆನಾ ಇರುತ್ತದೆ, ಹಾಗಾಗಿ ದಿಕ್ಕು ಸಿಗುತ್ತದೆ. ಸಿಗ್ನಲ್ ಹೋಗಿ ಬರುವ ಸಮಯದಿಂದ ದೂರವೂ ಅಂದಾಜಾಗುತ್ತದೆ. 2ಜಿಯಲ್ಲಿ ಸುಮಾರು 550 ಮೀಟರ್ ಲೆಕ್ಕದಲ್ಲಿ, 4ಜಿಯಲ್ಲಿ ಸುಮಾರು 78 ಮೀಟರ್ ಲೆಕ್ಕದಲ್ಲಿ. ಕಾಗದದ ಮೇಲೆ ಚೆನ್ನಾಗಿದೆ. ಶಿವಮೊಗ್ಗದ ನೆಹರು ರಸ್ತೆಯಂಥ ಕಡೆ ಟವರ್ ಹತ್ತಿರ ಹತ್ತಿರ ಇರುವುದರಿಂದ ಜಾಗ ಕಿರಿದಾಗುತ್ತದೆ. ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಊರುಗಳ ಕಡೆ ಗುಡ್ಡ ಅಡ್ಡ ಬಂದು ಸಿಗ್ನಲ್ ಬಡಿದು ವಾಪಸ್ ಬರುವಲ್ಲಿ, ಒಂದೇ ಟವರ್ ಹಲವು ಹಳ್ಳಿ ನೋಡಿಕೊಳ್ಳುವಲ್ಲಿ, ಅಂದಾಜು ಅಂದಾಜೇ. ಶರಾವತಿ ಹಿನ್ನೀರಿನ ಕಡೆಯಂತೂ ನೀರಿನ ಮೇಲೆ ಸಿಗ್ನಲ್ ಅಡ್ಡಿಯಿಲ್ಲದೆ ದೂರ ಹೋಗುತ್ತದೆ. ಈ ದಡದಲ್ಲಿ ನಿಂತ ಫೋನ್ ಆ ದಡದ ಟವರ್ ಹಿಡಿದರೆ ಆಶ್ಚರ್ಯವಿಲ್ಲ. ಕರೆಂಟ್ ಹೋಗಿ ಹತ್ತಿರದ ಟವರ್ ಮಲಗಿತು ಅನ್ನಿ, ನೀವು ಕೂತಲ್ಲೇ ಕೂತಿದ್ದರೂ ದಾಖಲೆಯಲ್ಲಿ ಬೇರೆ ಊರಿಗೆ ಹೋಗಿರುತ್ತೀರಿ.

ಈ ಟವರ್ ದಾಖಲೆ ಅಣ್ಣನಿಗೆ ಸಿಗುವುದಿಲ್ಲ. ಕಂಪನಿಗಳು ಕರೆ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕೆಂದು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೇಳಿದೆ, ಆದರೆ ಅದನ್ನು ಪಡೆಯಲು ಪೊಲೀಸರು ಕಾನೂನು ಪ್ರಕಾರ ಕೇಳಬೇಕು. ‘ನಂಬರ್ ಹಾಕಿ, ಲೊಕೇಶನ್ ನೋಡಿ’ ಎನ್ನುವ ವೆಬ್‌ಸೈಟ್‌ಗಳು ಸುಳ್ಳು. ಹೆಚ್ಚೆಂದರೆ ‘ಕರ್ನಾಟಕ ಸರ್ಕಲ್’ ಎಂದು ತೋರಿಸಿ, ದುಡ್ಡನ್ನೋ ನಿಮ್ಮ ನಂಬರನ್ನೋ ಕಿತ್ತುಕೊಳ್ಳುತ್ತವೆ. ಅಂಗಡಿಯವನ *#21# ಕೂಡ ಹಾಗೇ. ಅದು ನಿಮ್ಮ ಕಾಲ್ ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿದೆಯಾ ಎಂದು ಮಾತ್ರ ಹೇಳುತ್ತದೆ. ಟ್ರ್ಯಾಕಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ.

ಹೋಂಸ್ಟೇ ಜಾಹೀರಾತು ನೋಡಿ ಗಾಬರಿಯಾದಿರಿ ಅನ್ನಿಸುತ್ತದೆ. ಹೋಗುವ ಮುಂಚೆ ‘ಜೋಗದಲ್ಲಿ ನೀರು ಬಂತಾ’ ಎಂದು ಹುಡುಕಿರಬಹುದು, ಯಾವುದೋ ಹೋಂಸ್ಟೇ ಪುಟ ತೆರೆದಿರಬಹುದು, ಒಂದು ರೀಲ್ ಮೇಲೆ ಸ್ವಲ್ಪ ಹೊತ್ತು ನಿಂತಿರಬಹುದು. ಜಾಹೀರಾತಿಗೆ ಅಷ್ಟು ಸಾಕು. ಹಾಗೆಂದು ಕಂಪನಿಗಳು ಸಾಚಾ ಎಂದು ಹೇಳುತ್ತಿಲ್ಲ. ಗೂಗಲ್‌ನಲ್ಲಿ ‘ಲೊಕೇಶನ್ ಹಿಸ್ಟರಿ’ ಆಫ್ ಮಾಡಿದವರ ಜಾಗವೂ ‘ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ’ ಎಂಬ ಇನ್ನೊಂದು ಸೆಟ್ಟಿಂಗ್ ಮೂಲಕ ದಾಖಲಾಗುತ್ತಿತ್ತು ಎಂದು 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬಯಲು ಮಾಡಿತು. 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ ಗೂಗಲ್ 39.15 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಂಡಿತು. ಅದಕ್ಕೂ ಮೊದಲು, 2013ರಲ್ಲಿ, ಬರೀ ಟಾರ್ಚ್ ಹೊತ್ತಿಸುವ ಒಂದು ಆ್ಯಪ್ ಜನರ ಲೊಕೇಶನ್ ತೆಗೆದು ಜಾಹೀರಾತು ಕಂಪನಿಗಳಿಗೆ ಕೊಡುತ್ತಿತ್ತು ಎಂದು ಅಲ್ಲಿನ ಸರ್ಕಾರಿ ಆಯೋಗ ಕ್ರಮ ಕೈಗೊಂಡಿತ್ತು. ಟಾರ್ಚಿಗೆ ನೀವು ಎಲ್ಲಿದ್ದರೇನು?

ಮಲೆನಾಡಿನವರಿಗೆ ನಾನು ಒತ್ತಿ ಹೇಳುವ ವಿಷಯ ಇಲ್ಲಿದೆ. ‘ಹೆಸರು ತೆಗೆದು ಬರೀ ಲೊಕೇಶನ್ ಇಟ್ಟುಕೊಂಡಿದ್ದೇವೆ’ ಎಂದು ಆ್ಯಪ್‌ನವರು ಹೇಳುತ್ತಾರೆ. 2013ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನ 15 ಲಕ್ಷ ಜನರ ಮೊಬೈಲ್ ದಾಖಲೆ ನೋಡಿತು. ಯಾವ ಹೊತ್ತಿಗೆ ಯಾವ ಟವರ್ ಹತ್ತಿರ ಎಂಬ ನಾಲ್ಕೇ ಗುರುತು ಸಾಕು, 100ಕ್ಕೆ 95 ಜನರನ್ನು ಉಳಿದವರಿಂದ ಬೇರೆ ಮಾಡಬಹುದು ಎಂದು ತೋರಿಸಿತು. ಅಲ್ಲಿ ನಾಲ್ಕು ಬೇಕಾಯಿತು. ನಮ್ಮಲ್ಲಿ ಒಂದೇ ಸಾಕು. ಮ್ಯಾಪಿನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೇಲೆ ಬಿದ್ದ ಲೊಕೇಶನ್ ಚುಕ್ಕೆಯ ಅಡಿಯಲ್ಲಿ ನೂರಾರು ಮನೆ ಇರುತ್ತವೆ. ರಾತ್ರಿ ಎರಡು ಗಂಟೆಗೆ ತೋಟದ ನಡುವಿನ ಒಂಟಿ ಮನೆ ಮೇಲೆ ಬಿದ್ದ ಚುಕ್ಕೆಗೆ ಹೆಸರೇ ಬೇಡ. ಹೊಸ ಆಂಡ್ರಾಯ್ಡ್‌ನಲ್ಲಿ, ಅಂದರೆ 2021ರ 12ನೇ ಆವೃತ್ತಿಯಿಂದ, ಆ್ಯಪ್‌ಗೆ ‘ಅಂದಾಜು ಜಾಗ’ ಮಾತ್ರ ಕೊಡುವ ಆಯ್ಕೆ ಇದೆ. ಸುಮಾರು 3 ಚದರ ಕಿಲೋಮೀಟರಿನೊಳಗೆ ಎಲ್ಲೋ ಇದ್ದಾರೆ ಎಂದಷ್ಟೇ ಅದಕ್ಕೆ ತಿಳಿಯುತ್ತದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಷ್ಟು ಜಾಗದಲ್ಲಿ ಸಾವಿರಾರು ಜನ. ನಿಮ್ಮೂರಿನಲ್ಲಿ ಅಷ್ಟರಲ್ಲಿ ಎಷ್ಟು ಮನೆ ಇವೆ, ನೀವೇ ಎಣಿಸಿ. ಹಾಗಾಗಿ ನಗರದವರಿಗೆ ‘ಅಂದಾಜು ಕೊಡಿ’ ಎಂದು ಹೇಳುವಲ್ಲಿ ನಾನು ಹಳ್ಳಿಯವರಿಗೆ ‘ಕೊಡಲೇಬೇಡಿ’ ಅನ್ನುತ್ತೇನೆ. ಮ್ಯಾಪ್ಸ್‌ಗೆ, ಕ್ಯಾಬ್ ಆ್ಯಪ್‌ಗೆ ‘ಬಳಸುವಾಗ ಮಾತ್ರ’ ಇರಲಿ. ಸಾಲದ ಆ್ಯಪ್, ಗೇಮ್, ಫೋಟೋ ಚಂದ ಮಾಡುವ ಆ್ಯಪ್, ಇವಕ್ಕೆ ಯಾವುದೂ ಬೇಡ.

ಇನ್ನು ಏನು ಮಾಡಬಹುದು ಎನ್ನುವ ಪ್ರಶ್ನೆ.

ಖಾತೆ ಬೇರೆ ಮಾಡಿಕೊಳ್ಳುವುದೇ ಸರಿಯಾದ ದಾರಿ. ಆದರೆ ಅವಸರ ಬೇಡ. ಕೋಪದಲ್ಲಿ ಅಣ್ಣನ ಜಿಮೇಲ್ ಕಿತ್ತು ಹಾಕಿದವರು ಮಾರನೇ ದಿನ ನಂಬರ್ ಎಲ್ಲ ಹೋಯಿತು ಎಂದು ಕೂತಿರುತ್ತಾರೆ. ಮೊದಲು ನಿಮ್ಮದೇ ಹೊಸ ಜಿಮೇಲ್ ಮಾಡಿ. ಪಾಸ್‌ವರ್ಡ್ ಮರೆತರೆ ಖಾತೆ ವಾಪಸ್ ಪಡೆಯಲು ಕೊಡುವ ರಿಕವರಿ ನಂಬರ್ ನಿಮ್ಮದೇ ಇರಲಿ. ಎರಡು ಹಂತದ ಪರಿಶೀಲನೆ ಹಾಕಿ, ಅಂದರೆ ಪಾಸ್‌ವರ್ಡ್ ಗೊತ್ತಿದ್ದರೂ ಇನ್ನೊಂದು ಖಾತ್ರಿ ಕೇಳುವಂತೆ ಮಾಡಿ. ನಂಬರ್‌ಗಳನ್ನು ಅದಕ್ಕೆ ವರ್ಗಾಯಿಸಿ. ವಾಟ್ಸ್‌ಆ್ಯಪ್ ಬ್ಯಾಕಪ್ ಯಾವ ಖಾತೆಗೆ ಹೋಗುತ್ತಿದೆ ನೋಡಿ ಬದಲಾಯಿಸಿ, ಹೊಸದೊಂದು ಬ್ಯಾಕಪ್ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂದಿರುತ್ತದೆ, ಅಲ್ಲಿ ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ. ಬ್ಯಾಂಕ್ ಮತ್ತು ಯುಪಿಐನಲ್ಲಿ ಇಮೇಲ್ ಬದಲಾಯಿಸಿ. ಫೋಟೋಗಳನ್ನು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇಳಿಸಿಕೊಳ್ಳಿ. ಇಷ್ಟಾದ ಮೇಲೆ ಹಳೇ ಖಾತೆ ತೆಗೆಯಿರಿ. ಸ್ಕ್ರೀನ್ ಲಾಕ್ ಪಿನ್ ಬದಲಾಯಿಸಿ, ಮನೆಯವರ ಹುಟ್ಟಿದ ದಿನ ಬೇಡ. ಕೊನೆಗೆ ಇನ್‌ಸ್ಟಾಗ್ರಾಂ ಮುಂತಾದವುಗಳ ಪಾಸ್‌ವರ್ಡ್.

ಎಲ್ಲ ಒರೆಸಿ ಹೊಸದಾಗಿ ಶುರು ಮಾಡುತ್ತೇನೆ ಎಂದು ಫ್ಯಾಕ್ಟರಿ ರೀಸೆಟ್ ಮಾಡುವುದಾದರೆ ಒಂದು ಎಚ್ಚರ. ಹಳೇ ಖಾತೆ ತೆಗೆಯದೆ ಬಟನ್ ಒತ್ತಿ ಹಿಡಿದು ಮಾಡುವ ರೀಸೆಟ್ ಆದರೆ, ಫೋನ್ ಮತ್ತೆ ಶುರುವಾದಾಗ ಹಳೇ ಜಿಮೇಲಿನ ಪಾಸ್‌ವರ್ಡ್ ಕೇಳುತ್ತದೆ. ಕಳ್ಳರಿಗೆ ಉಪಯೋಗವಾಗದಿರಲಿ ಎಂದು ಇಟ್ಟಿರುವ ಬೀಗ ಅದು. ಅಣ್ಣನಿಂದ ಬಿಡಿಸಿಕೊಳ್ಳಲು ಹೋಗಿ ಅಣ್ಣನನ್ನೇ ಪಾಸ್‌ವರ್ಡ್ ಕೇಳಬೇಕಾಗುತ್ತದೆ.

ಜೊತೆಗೆ ಗೂಗಲ್ ಮ್ಯಾಪ್ಸ್ ತೆರೆದು ಮೇಲಿನ ನಿಮ್ಮ ಫೋಟೋ ಒತ್ತಿ, ‘ಲೊಕೇಶನ್ ಶೇರಿಂಗ್’ನಲ್ಲಿ ಯಾರ ಹೆಸರಾದರೂ ಇದೆಯಾ ನೋಡಿ. ಐದೇ ನಿಮಿಷ ಫೋನ್ ಕೈಗೆ ಸಿಕ್ಕವರು ಇದನ್ನು ಹಾಕಿಡಬಹುದು. ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ ಮತ್ತು ‘ಡಿವೈಸ್ ಅಡ್ಮಿನ್’ನಲ್ಲಿ ಗುರುತಿಲ್ಲದ ಆ್ಯಪ್‌ಗೆ ಅನುಮತಿ ಇದ್ದರೆ ಅದು ಬೇರೆಯೇ ಜಾತಿ. ಪ್ಲೇ ಸ್ಟೋರ್ ಹೊರಗಿನಿಂದ ತಂದು ಹಾಕಿದ ಬೇಹು ಆ್ಯಪ್ ಆಗಿರಬಹುದು. ಹೆಸರು ನೋಡಿದರೆ ‘ಸಿಸ್ಟಮ್ ಸರ್ವಿಸ್’ ಅಂತ ಸಾಧುವಾಗಿರುತ್ತದೆ.

ಮುಂದಿನ ಮಾತು ನಿಮಗೆ ಅನ್ವಯಿಸದಿರಬಹುದು, ಆದರೆ ಇದನ್ನು ಓದುವ ಬೇರೆ ಯಾರಿಗೋ ಬೇಕಾಗಬಹುದು. ನೋಡುತ್ತಿರುವವರು ಹೊಡೆಯುವ, ಬೆದರಿಸುವ ಜನವಾಗಿದ್ದರೆ ಏನನ್ನೂ ತಟ್ಟನೆ ತೆಗೆಯಬೇಡಿ. ಚುಕ್ಕೆ ಮಾಯವಾದದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಸಿಟ್ಟು ತಿರುಗುವುದು ನಿಮ್ಮ ಮೇಲೆ. ಮೊದಲು ಬೇರೆಯವರ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ ಮಾತಾಡಿ. ತುರ್ತಿದ್ದರೆ 112. ಸ್ಕ್ರೀನ್‌ಶಾಟ್ ಆ ಫೋನಿನಲ್ಲೇ ತೆಗೆಯಬೇಡಿ, ಇನ್ನೊಂದು ಫೋನಿನಿಂದ ಪರದೆಯ ಫೋಟೋ ಹೊಡೆದಿಟ್ಟುಕೊಳ್ಳಿ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಜಾಮೀನು ಪಡೆದ ಆರೋಪಿ ಸದಾ ತನ್ನ ಲೊಕೇಶನ್ ಪೊಲೀಸರಿಗೆ ಕಾಣುವಂತೆ ಇಡಬೇಕು ಎಂಬ ಷರತ್ತು ಹಾಕುವಂತಿಲ್ಲ ಎಂದು 2024ರ ಜುಲೈನಲ್ಲಿ ಅದೇ ಕೋರ್ಟ್ ಹೇಳಿದೆ. ಆರೋಪಿಗೇ ಅಷ್ಟು ಮರ್ಯಾದೆ ಇರುವಾಗ ದುಡಿದು ತಿನ್ನುವ ತಂಗಿಗೆ ಇರಬೇಡವಾ ಎಂದು ಅಣ್ಣನನ್ನು ಕೇಳಬಹುದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಅದು ಆ ಕಾಯ್ದೆಯ ಹೊರಗೆ. ಗಂಡಸೊಬ್ಬ ಹೆಂಗಸಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಅದು ಗೊತ್ತಿರಲಿ ಎಂದು ಹೇಳಿದೆ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮನೆಯ ವಿಷಯ ಠಾಣೆಯ ಮೆಟ್ಟಿಲಿನದ್ದಲ್ಲ, ಊಟದ ಹೊತ್ತಿನ ಮಾತಿನದ್ದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮಾತಾಡುತ್ತಿದ್ದೆ, ಆಮೇಲೆ ಖಾತೆ ಬದಲಾಯಿಸುತ್ತಿದ್ದೆ. ಸುಮ್ನೆ ಕಿತ್ತು ಹಾಕಿದರೆ ‘ಏನೋ ಮುಚ್ಚಿಡುತ್ತಿದ್ದಾಳೆ’ ಎಂಬ ಮಾತು ಬರುತ್ತದೆ. ಅಣ್ಣನಿಗೆ ತನ್ನ ಗ್ಯಾಲರಿಗೆ ನಿಮ್ಮ ಫೋಟೋ ಬರುವುದು ಮೊದಮೊದಲು ಗೊತ್ತೇ ಇರದಿದ್ದಿರಬಹುದು. ಗೊತ್ತಾದ ಮೇಲೆ ಹೇಳದೆ ನಗುತ್ತಾ ಕೂತದ್ದು ತಪ್ಪು. ಫೈಂಡ್ ಹಬ್‌ನಲ್ಲಿ ಹುಡುಕಿದವನೂ ಅವನೇ ಆದರೆ ಅದು ಇನ್ನೂ ದೊಡ್ಡ ತಪ್ಪು, ಅದನ್ನು ಮೆತ್ತಗೆ ಹೇಳಬೇಕಿಲ್ಲ. ಮಾತಿಗೆ ಮೊದಲು ಹೊಸ ಜಿಮೇಲ್ ತಯಾರಿಟ್ಟುಕೊಂಡಿರಿ, ಆ ಸಂಜೆಯೇ ಬದಲಾಯಿಸಲು ಅನುಕೂಲ.

ಅವನ ಕಾಳಜಿ ನಿಜವಾದದ್ದಾದರೆ ಅದಕ್ಕೂ ದಾರಿ ಇದೆ. ರಾತ್ರಿ ಆಗುಂಬೆ ಘಾಟಿ ಇಳಿಯುವಾಗ, ಮಳೆಯಲ್ಲಿ ಕೊನೇ ಬಸ್ ಹಿಡಿದಾಗ, ವಾಟ್ಸ್‌ಆ್ಯಪ್‌ನಲ್ಲಿ ‘ಲೈವ್ ಲೊಕೇಶನ್’ ಕಳಿಸಿ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಅವಧಿ ನೀವೇ ಆರಿಸುತ್ತೀರಿ, ಮುಗಿದ ಮೇಲೆ ತಾನೇ ನಿಲ್ಲುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕೆ ಅಲ್ಲೇ ನಿಂತುಬಿಡುತ್ತದೆ, ಆಗ ಮನೆಯವರು ಗಾಬರಿಯಾಗುತ್ತಾರೆ. ‘ಇಂಥ ಕಡೆ ಸಿಗ್ನಲ್ ಇರಲ್ಲ’ ಎಂದು ಮೊದಲೇ ಹೇಳಿಡಿ.

ಕೀಪ್ಯಾಡ್ ಫೋನ್ ತೆಗೆದುಕೊಂಡರೆ ಆ್ಯಪ್‌ಗಳ ಕಾಟ ಹೋಗುತ್ತದೆ, ಟವರ್ ದಾಖಲೆ ಇದ್ದೇ ಇರುತ್ತದೆ. ಆಡಿಟರ್ ಆಫೀಸಿನ ಕೆಲಸ, ಒಟಿಪಿ, ಯುಪಿಐ, ಪಿಜಿಯ ವಾಟ್ಸ್‌ಆ್ಯಪ್ ಗ್ರೂಪ್ ಬಿಟ್ಟು ಇರಲು ಆಗುತ್ತದಾ ನೋಡಿ. ನನಗಂತೂ ನಿಮಗೆ ಅದು ಬೇಡ ಅನ್ನಿಸುತ್ತದೆ.

ಅಪ್ಪಯ್ಯನ ಫೋನ್ ಕೂಡ ಅಣ್ಣನೇ ಸೆಟ್ ಮಾಡಿಕೊಟ್ಟಿದ್ದರೆ ಅದನ್ನೂ ಇದೇ ರೀತಿ ಒಮ್ಮೆ ನೋಡಿ. ಒಬ್ಬರೇ ತೋಟಕ್ಕೆ ಹೋಗುವವರಾದರೆ ಅವರ ಲೊಕೇಶನ್ ಮನೆಯವರಿಗೆ ಕಾಣುವುದು ಒಳ್ಳೆಯದೇ, ಆದರೆ ಹಾಕುವ ಮುಂಚೆ ಅವರನ್ನು ಕೇಳಿ. ಸ್ಯಾಟಲೈಟ್‌ನಲ್ಲಿ ಎಲ್ಲಾ ಕಾಣುತ್ತೆ ಎಂದು ನಂಬಿರುವವರಿಗೆ ಈ ಚುಕ್ಕೆಯನ್ನು ನೋಡುತ್ತಿರುವವರು ಯಾರು ಎಂದು ತೋರಿಸಿ ಹೇಳಿದರೆ ಬೇಗ ಅರ್ಥವಾಗುತ್ತದೆ.